ಗೋಡೆ ತಡವಿ ನೋಡುವ ಆಟ

ಡೂಮ್ ಆಟದ ಮೊದಲ ಲೆವೆಲ್ಲಿನ ಮೊದಲ ಕೋಣೆಯಲ್ಲೇ ಒಂದು ಕಿಟಕಿ ಇದೆ. ಆಚೆ ಬಯಲು, ಬಯಲಿನಲ್ಲಿ ಮಿನುಗುವ ನೀಲಿ ಕವಚ. ಕಣ್ಣಿಗೆ ಕಾಣುತ್ತದೆ, ಹೋಗಲು ಬಾಗಿಲಿಲ್ಲ. ದಾರಿ ಬೇರೊಂದು ಕಡೆ ಗುಟ್ಟಾಗಿ ಅಡಗಿದೆ. ಆ ಲೆವೆಲ್ ಕಟ್ಟಿದ ಜಾನ್ ರೊಮೆರೊ ತಮ್ಮ ಕೆಲಸಕ್ಕೆ ಕೆಲವು ಕಟ್ಟಳೆ ಹಾಕಿಕೊಂಡಿದ್ದರು. ಹೊರಗಿನ ಬಯಲು ಆಟಗಾರನ ಕಣ್ಣಿಗೆ ಬಿದ್ದರೆ ಅಲ್ಲಿಗೆ ಹೇಗಾದರೂ ಹೋಗಲು ಆಗಬೇಕು. ಕತ್ತಲಿನ ಪಕ್ಕದಲ್ಲಿ ಬೆಳಕು, ಇಕ್ಕಟ್ಟಿನ ಪಕ್ಕದಲ್ಲಿ ವಿಶಾಲ ಬರಬೇಕು. ಒಂದೇ ಜಾಗವನ್ನು ಆಟಗಾರ ಹಲವು ಸಲ ಹಾದುಹೋಗಬೇಕು. ಹಾಗಾದರೇ ಅದರ ಅಂದಾಜು ತಲೆಯಲ್ಲಿ ಕೂರುವುದು.

ಡೂಮ್ ಬಂದದ್ದು 1993ರ ಡಿಸೆಂಬರ್ 10ರಂದು. ಅದರ ಮೊದಲ ಅಧ್ಯಾಯವನ್ನು ಪುಕ್ಕಟೆ ಹಂಚಿದರು. ಎರಡು ಫ್ಲಾಪಿಯಲ್ಲಿ ಹಿಡಿಸುತ್ತಿತ್ತು. ಈಗ ಅದೇ ಧಾಟಿಯಲ್ಲಿ ಹೊಸ ಆಟಗಳು ಸಾಲುಗಟ್ಟಿ ಬರುತ್ತಿವೆ. 2018ರ ಡಸ್ಕ್, 2019ರ ಅಯಾನ್ ಫ್ಯೂರಿ, 2022ರ ಪ್ರೋಡಿಯಸ್, ಕಲ್ಟಿಕ್. ಹಳಬರ ಆಟವೆಂಬ ಅರ್ಥದಲ್ಲಿ ಇವನ್ನು ಬೂಮರ್ ಶೂಟರ್ ಎಂದು ಕರೆಯುತ್ತಾರಾದರೂ 1993ರಲ್ಲಿ ಇನ್ನೂ ಹುಟ್ಟಿರದಿದ್ದ ಹುಡುಗರೂ ಇವನ್ನು ಮುಗಿಬಿದ್ದು ಆಡುತ್ತಾರೆ. ಇದು ಹಳೆಯದರ ಹಂಬಲವೊಂದೇ ಆಗಿದ್ದರೆ ಅವರಿಗೆ ಇಲ್ಲೇನು ಕೆಲಸ? ಈ ಆಟಗಳ ನಿಜವಾದ ರುಚಿ ಬಂದೂಕಿಗಿಂತ ಹೆಚ್ಚಾಗಿ ಕಟ್ಟಡದಲ್ಲಿದೆ ಎಂಬುದು ನನ್ನ ನಂಬಿಕೆ.

ಇತ್ತೀಚಿನ ಎಷ್ಟೋ ದುಬಾರಿ ಶೂಟರ್‌ಗಳಲ್ಲಿ ಪರದೆಯ ಮೇಲೊಂದು ಬಾಣದ ಗುರುತು ತೇಲುತ್ತಿರುತ್ತದೆ. ಅದು ತೋರಿಸಿದ ಕಡೆ ಓಡಬೇಕು. ಓಡಿದ್ದಾದ ಮೇಲೆ ಆಟದೊಳಗಿನ ಊರಿನ ಒಂದು ಬೀದಿಯೂ ನೆನಪಿನಲ್ಲಿ ಉಳಿಯುವುದಿಲ್ಲ. ಡೂಮ್‌ನಲ್ಲಿ ಬಾಣವಿಲ್ಲ. ನೀಲಿ, ಹಳದಿ, ಕೆಂಪು ಕೀಲಿಗಳಿವೆ, ಅವುಗಳ ಬಾಗಿಲುಗಳಿವೆ, ಟ್ಯಾಬ್ ಒತ್ತಿದರೆ ನಡೆದಷ್ಟು ಜಾಗದ ಗೆರೆನಕ್ಷೆ ಇದೆ. ಉಳಿದದ್ದು ನಿಮ್ಮ ಪಾಡು. ಬಣ್ಣ ಕೊಂಚ ಬೇರೆಯಾಗಿ ಕಂಡ ಗೋಡೆಗೆ ಎದುರಾಗಿ ನಿಂತು ಸ್ಪೇಸ್ ಬಾರ್ ಒತ್ತುತ್ತೀರಿ. ಒಮ್ಮೊಮ್ಮೆ ಗೋಡೆ ಮೇಲಕ್ಕೆ ಸರಿಯುತ್ತದೆ. ಲೆವೆಲ್ ಮುಗಿದಾಗ ಗುಟ್ಟಿನ ಜಾಗಗಳಲ್ಲಿ ನೂರಕ್ಕೆ ಎಷ್ಟು ಸಿಕ್ಕಿತು ಎಂದು ಆಟ ಲೆಕ್ಕ ಒಪ್ಪಿಸುತ್ತದೆ. ಆ ಲೆಕ್ಕ ಕಡಿಮೆ ಬಂದರೆ ನನಗೆ ಸಮಾಧಾನವಿರುವುದಿಲ್ಲ.

ಗೋಡೆಯ ಹಿಂದೆ ಗುಟ್ಟಿರುತ್ತದೆ ಎಂಬುದನ್ನು ನಮ್ಮ ಬಾಬುರಾಯನಕೊಪ್ಪಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಳೆ ದಾಟಿದರೆ ಶ್ರೀರಂಗಪಟ್ಟಣದ ಕೋಟೆ. 1799ರ ಮೇ 4ರಂದು ಹೊರಗೋಡೆ ಒಡೆದ ಕಡೆ ಹತ್ತಿ ಬಂದ ಇಂಗ್ಲಿಷ್ ಪಡೆಗೆ ಒಳಗೆ ಇನ್ನೊಂದು ಕಂದಕ, ಅದರಾಚೆ ಇನ್ನೊಂದು ಗೋಡೆ ಎದುರಾಯಿತು. ಪಡೆಯ ಮುಂದಿದ್ದ ಡೇವಿಡ್ ಬೇರ್ಡ್ ಹಿಂದೆ ಇದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದವನು. ಇನ್ನು ಥಾಮಸ್ ಇನ್ಮನ್‌ನ ಹೆಸರಿನ ಬಂದೀಖಾನೆ: ಅದು ಮಣ್ಣಿನಡಿ ಮರೆತುಹೋಗಿ, 1895ರಲ್ಲಿ ಆಕಸ್ಮಿಕವಾಗಿ ಅವನ ಕಣ್ಣಿಗೆ ಬಿತ್ತು. ಇಷ್ಟು ದೊಡ್ಡ ಗುಟ್ಟಿನ ಕೋಣೆಯನ್ನು ಯಾವ ಲೆವೆಲ್ ಕಟ್ಟುವವನೂ ಇಷ್ಟು ದಿನ ಬಚ್ಚಿಟ್ಟಿಲ್ಲ.

ಕಾದಾಟದ ವಿಚಾರಕ್ಕೆ ಬರೋಣ. ಡೂಮ್‌ನಲ್ಲಿ ಇಂಪ್ ಎಂಬ ರಾಕ್ಷಸ ಎಸೆಯುವ ಬೆಂಕಿಯುಂಡೆ ಕಣ್ಣಿಗೆ ಕಾಣುವಷ್ಟು ನಿಧಾನವಾಗಿ ಬರುತ್ತದೆ, ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳಬಹುದು. ಹಾಗಾಗಿ ಗುರಿಗಿಂತ ಕಾಲಿಗೆ ಕೆಲಸ ಹೆಚ್ಚು. ಕಬಡ್ಡಿಯಲ್ಲಿ ದಾಳಿಗೆ ಹೋದವನು ಏಳು ಜನರ ಕೈಕಾಲುಗಳ ಮೇಲೂ ಕಣ್ಣಿಟ್ಟು ಗೆರೆ ಎಷ್ಟು ದೂರವಿದೆ ಎಂಬ ಎಚ್ಚರವನ್ನೂ ಇಟ್ಟುಕೊಂಡಿರುತ್ತಾನಲ್ಲ, ಇದೂ ಹಾಗೆ. 2005ರ ಕಾಲ್ ಆಫ್ ಡ್ಯೂಟಿ 2ರಿಂದೀಚೆಗೆ ಮರೆಯಲ್ಲಿ ಕೂತರೆ ಗಾಯ ತಾನಾಗಿ ಮಾಯುವ ಪದ್ಧತಿ ಬಲವಾಗಿ ಬೇರೂರಿತು, ಕೂರುವುದೇ ಜಾಣತನವಾಯಿತು. ಹಳೆ ಮಾದರಿಯಲ್ಲಿ ಕೂತವನು ಸತ್ತ. ಮದ್ದಿನ ಪೆಟ್ಟಿಗೆ ಎಲ್ಲಿ ಕಂಡಿದ್ದೆ ಎಂಬುದನ್ನು ನೆನಪಿಟ್ಟುಕೊಂಡು ಅಲ್ಲಿಗೆ ಓಡಬೇಕು. ಅಂದರೆ ಕಾದಾಟವೂ ಮತ್ತೆ ಜಾಗ ಬಲ್ಲವನ ಕೈಗೇ ಬರುತ್ತದೆ.

ರಾಕೆಟ್ ಲಾಂಚರ್ ಬಗ್ಗೆ ಒಂದು ಮಾತು ಸೇರಿಸದೆ ಶ್ರೀರಂಗಪಟ್ಟಣ ತಾಲ್ಲೂಕಿನಿಂದ ಬರೆಯುವುದು ಸರಿಯಲ್ಲ. ಕಬ್ಬಿಣದ ಕೊಳವೆಯ ರಾಕೆಟ್ಟನ್ನು ಹೈದರ್ ಮತ್ತು ಟಿಪ್ಪು ಯುದ್ಧಕ್ಕೆ ತಂದರು; ಅದನ್ನು ನೋಡಿ ಕಲಿತೇ ವಿಲಿಯಂ ಕಾಂಗ್ರೀವ್ ಇಂಗ್ಲೆಂಡಿನಲ್ಲಿ ತನ್ನದನ್ನು ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಳಿ ಹಾಳು ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. 1996ರ ಕ್ವೇಕ್‌ನಲ್ಲಿ ಕಾಲಬುಡಕ್ಕೇ ರಾಕೆಟ್ ಹೊಡೆದುಕೊಂಡು ಆ ಹೊಡೆತದಲ್ಲೇ ಎತ್ತರದ ಕಟ್ಟೆಗೆ ಹಾರುವ ಹುಡುಗರಿಗೆ ಈ ವಂಶಾವಳಿ ತಿಳಿದಿರಲಿ.

ಹೊಸದರಲ್ಲಿ ಒಂದನ್ನೇ ಆಡುವುದಾದರೆ ಡಸ್ಕ್ ಆಡಿ. ಬಹುಪಾಲು ಡೇವಿಡ್ ಷಿಮಾನ್ಸ್ಕಿ ಒಬ್ಬರೇ ಮಾಡಿದ್ದು. ನೆಲಮಾಳಿಗೆ, ಕೈಯಲ್ಲಿ ಎರಡು ಕುಡುಗೋಲು, ಎದುರಿಗೆ ಗರಗಸ ಹಿಡಿದ ಮೂವರು, ಪೀಠಿಕೆಯೇ ಇಲ್ಲ. ಬೇಕೆಂದೇ ಒರಟಾಗಿ ಬಿಟ್ಟ ಚಿತ್ರಗಳಿಂದಾಗಿ ಬಾಗಿಲು ಬಾಗಿಲಾಗಿ, ಶತ್ರು ಶತ್ರುವಾಗಿ ದೂರದಿಂದಲೇ ಸ್ಪಷ್ಟ. ಹುಲ್ಲಿನ ಎಸಳೆಸಳನ್ನೂ ಬಿಡಿಸುವ ಆಟಗಳಲ್ಲಿ ಈ ಸ್ಪಷ್ಟತೆಯೇ ಕಳೆದುಹೋಗಿದೆ. ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ಫ್ರೀಡೂಮ್ ಉಚಿತ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಡೂಮ್‌ನ ಮೂಲ ಕೋಡ್ 1997ರಲ್ಲೇ ಎಲ್ಲರ ಕೈಗೆ ಸಿಕ್ಕಿತು. ಮ್ಯಾಪ್ ಕಟ್ಟುವ ಸಲಕರಣೆಗಳೂ ಉಚಿತ. ನಮ್ಮ ಕಡೆಯ ಯಾರಾದರೂ ಪಟ್ಟಣದ ಕೋಟೆಯನ್ನೇ ಮ್ಯಾಪ್ ಮಾಡಬೇಕು ಎಂಬುದು ನನ್ನ ಬಹುಕಾಲದ ಆಸೆ. ಅದರಲ್ಲಿ ಎರಡೂ ಕಡೆಯ ಸೈನಿಕರು ಬೇಡ. ಅಲ್ಲಿ ಸತ್ತವರು ನಿಜವಾದ ಮನುಷ್ಯರು. ಶತ್ರುಗಳಾಗಿ ಇಂಪ್‌ಗಳೇ ಇರಲಿ. ಕೋಟೆ ಮಾತ್ರ ಅಳತೆ ತಪ್ಪಬಾರದು.

ಮೊದಲ ತೊಡಕು ಕೋಟೆಯೊಳಗಿನ ಕರ್ನಲ್ ಬೇಲಿ ಬಂದೀಖಾನೆಯಲ್ಲಿ. ಮೆಟ್ಟಿಲಿಳಿದು ಹೋಗುವ ಆ ಕಮಾನಿನ ಕೋಣೆಯ ಚಾವಣಿ ಸೀಳಿಕೊಂಡು ಮೇಲಿನಿಂದ ಬಿದ್ದದ್ದೆಂದು ಹೇಳುವ ಫಿರಂಗಿ ಈಗಲೂ ಒಳಗಿದೆ. ಮೂಲ ಡೂಮ್ ಎಂಜಿನ್ನಿನಲ್ಲಿ ಒಂದು ಜಾಗಕ್ಕೆ ಒಂದೇ ನೆಲ, ಒಂದೇ ಚಾವಣಿ. ಕೋಣೆಯ ಮೇಲೆ ಕೋಣೆ ಕೂರುವುದಿಲ್ಲ. ಕೆಳಗೆ ಸೆರೆ, ಮೇಲೆ ಫಿರಂಗಿ ಬೇಕೆಂದರೆ ಕ್ವೇಕ್ ಎಂಜಿನ್ನಿಗೆ ಹೋಗಬೇಕು, ಇಲ್ಲವೇ ಡೂಮ್ ಎಂಜಿನ್ನಿನ ಸುಧಾರಿತ ರೂಪವಾದ ಜಿಝಡ್‌ಡೂಮ್‌ನ ಮೂರು ಆಯಾಮದ ನೆಲಗಳನ್ನು ಬಳಸಬೇಕು. ನನ್ನ ಮತ ಎರಡನೆಯದಕ್ಕೆ; ಕಲಿಯುವುದು ಸುಲಭ. ಎರಡನೇ ತೊಡಕು ಟಿಪ್ಪುವಿನ ಶಸ್ತ್ರಾಗಾರ. ರೈಲು ಹಳಿ ಜೋಡಿ ಮಾಡಲೆಂದು 2017ರಲ್ಲಿ ಆ ಕಟ್ಟಡವನ್ನು ಇಡಿಯಾಗಿ ಎತ್ತಿ ಆಚೆಗೆ ಸರಿಸಿದರು. ಮ್ಯಾಪಿನಲ್ಲಿ ಅದು ಹಳೆ ಜಾಗದಲ್ಲಿರಬೇಕೋ, ಹೊಸದರಲ್ಲೋ? ಹಳಿ ತೆಗೆದುಹಾಕಿ ಹಳೆ ಜಾಗದಲ್ಲೇ ಇಡಿ ಎನ್ನುತ್ತೇನೆ. ಕೆಂಪು ಕೀಲಿಯನ್ನು ಅದರೊಳಗೇ ಇಡಬಹುದು.