ಎರಡು ಹೊಳೆಗಳ ನಡುವೆ ಮೂರು ರಾತ್ರಿ

ಕ್ಯಾರವಾನ್ ಪ್ರವಾಸ ಅಂದಕೂಡಲೇ ನಮ್ಮವರ ಕಣ್ಣು ಕಡಲ ಕಡೆಗೆ ಹೊರಳುತ್ತದೆ. ಕಾರವಾರ, ಗೋಕರ್ಣ, ಮುರುಡೇಶ್ವರ, ಮಲ್ಪೆ: ಆ ದಾರಿ ಚಂದವೇ. ಆದರೆ ಗಾಡಿಯಲ್ಲೇ ಮಲಗಿ ಏಳುವ ರುಚಿ ಹತ್ತಿದವರಿಗೆ ಈ ವಾರ ನಾನು ಹೇಳುವ ದಾರಿಯಲ್ಲಿ ಕಡಲಿಲ್ಲ, ಹೊಳೆಗಳಿವೆ. ತುಂಗಭದ್ರೆ ಮತ್ತು ಕೃಷ್ಣೆಯ ನಡುವಿನ ಸಿಂಧನೂರು, ಮಸ್ಕಿ, ಲಿಂಗಸುಗೂರು. ರಾಷ್ಟ್ರೀಯ ಹೆದ್ದಾರಿ 150ಎ ಮೂರನ್ನೂ ಹಾದುಹೋಗುತ್ತದೆ. ಬಸ್ಸು ಹತ್ತಿದರೆ ಒಂದು ಹೊತ್ತಿನ ಕೆಲಸವೂ ಅಲ್ಲ. ಅದಕ್ಕೇ ಎಲ್ಲರೂ ಹಾದುಹೋಗುತ್ತಾರೆ, ಯಾರೂ ಇಳಿಯುವುದಿಲ್ಲ. ನನ್ನ ಲೆಕ್ಕದಲ್ಲಿ ಇದಕ್ಕೆ ಮೂರು ರಾತ್ರಿ ಬೇಕು.

ಗಾಡಿಯಲ್ಲಿ ವಸತಿ ಮಾಡುವುದು ಈ ಸೀಮೆಗೆ ಹೊಸದೇನಲ್ಲ. ಹಿಂದೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಜಾತ್ರೆಗೆ ಹೋಗುತ್ತಿದ್ದವರ ಮೊಮ್ಮಕ್ಕಳು ಈಗ ಟ್ರ್ಯಾಕ್ಟರ್ ಟ್ರೇಲರ್‌ಗೆ ತಾಡಪಾಲು ಬಿಗಿದು, ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಇಟ್ಟುಕೊಂಡು ಹೊರಡುತ್ತಾರೆ. ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಬಳಿ ಚಿದಾನಂದಾವಧೂತರು ನೆಲೆಸಿದ್ದ ಅಂಬಾಮಠವಿದೆ. ಬನದ ಹುಣ್ಣಿಮೆಯ ಜಾತ್ರೆಗೆ ಅಲ್ಲಿಗೆ ಹೋಗಿ ನೋಡಿ: ಗಾಡಿಯಲ್ಲಿ ಸಂಸಾರ ಹೂಡುವ ಕಲೆಯನ್ನು ಅಲ್ಲಿಗೆ ಬರುವ ಹೆಣ್ಣುಮಕ್ಕಳಿಂದ ಕಲಿಯಬೇಕು. ಹಾಗಾಗಿ ಇಲ್ಲಿ ಯಾವುದೇ ಗುಡಿಯ ಮುಂದೆ, ಬಂಕಿನ ಅಂಗಳದಲ್ಲಿ ನಿಂತು “ಇಲ್ಲಿ ಗಾಡಿ ಹಚ್ಚಬಹುದೇನ್ರಿ?” ಎಂದರೆ ವಿಚಿತ್ರವಾಗಿ ನೋಡುವವರಿಲ್ಲ. “ಹಚ್ಚ್ರಿ, ಊಟ ಆತೇನು?” ಎಂಬ ಮರುಪ್ರಶ್ನೆಯೇ ಹೆಚ್ಚು.

ಒಂದು ಮಾತು ಮಾತ್ರ ಮರೆಯಬೇಡಿ. ಎರೆಮಣ್ಣಿನ ಮೇಲೆ ಗಾಡಿ ನಿಲ್ಲಿಸಬಾರದು. ರಾತ್ರಿ ಒಂದು ಮಳೆ ಬಿದ್ದರೆ ಬೆಳಿಗ್ಗೆ ಗಾಲಿ ಅರ್ಧ ಹೂತಿರುತ್ತದೆ. ಗರಸು ಹಾಕಿದ ಜಾಗವನ್ನೇ ಹುಡುಕಿ.

ಸಿಂಧನೂರಿನಲ್ಲಿ ನಿಲ್ಲಬೇಕಾದದ್ದು ಬೆಳಗಿನ ಹೊತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ನೆಲದ ಬಣ್ಣವೇ ಬದಲಾಯಿತು; ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ನವೆಂಬರ್, ಡಿಸೆಂಬರ್‌ನಲ್ಲಿ ಬಂದರೆ ಕೊಯ್ಲಿನ ಯಂತ್ರಗಳ ಹಿಂದೆ ನಿಧಾನವಾಗಿ ಸಾಗಬೇಕಾಗುತ್ತದೆ, ರಸ್ತೆಯಂಚಿಗೆ ಒಣಹಾಕಿದ ಭತ್ತವನ್ನು ತುಳಿಯದಂತೆ ತಪ್ಪಿಸಬೇಕಾಗುತ್ತದೆ. ಅವಸರ ಬೇಡ. ಮಂಡಾಳ ಒಗ್ಗರಣಿ, ಮಿರ್ಚಿಯನ್ನು ಬಾಣಲೆಯ ಪಕ್ಕದಲ್ಲೇ ನಿಂತು ತಿನ್ನಿ. ಪಾರ್ಸೆಲ್ ಕಟ್ಟಿಸಿದರೆ ಮಿರ್ಚಿ ಮೆತ್ತಗಾಗಿ ಅರ್ಧ ರುಚಿ ಹೋಗುತ್ತದೆ. ಆಮೇಲೆ ಆರ್.ಎಚ್. ಕ್ಯಾಂಪ್‌ಗಳ ಕಡೆ ಒಂದು ಸುತ್ತು ಹೋಗಿ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ನೆಲೆ ಮಾಡಿಕೊಟ್ಟ ಊರುಗಳಿವು. ಕೆರೆ, ಮೀನು, ಅಂಗಳದ ತುಳಸಿ. ಎರಡು ಮಾತಿಗೊಮ್ಮೆ ಬಂಗಾಳಿಯಿಂದ ನಮ್ಮ ರಾಯಚೂರು ಕನ್ನಡಕ್ಕೆ ಸಲೀಸಾಗಿ ಜಿಗಿಯುವ ಹುಡುಗರು. ಗಾಡಿಯಲ್ಲಿ ಒಲೆ ಇದ್ದವರು ಅಲ್ಲಿಯ ಮೀನು ಕೊಳ್ಳದೆ ಬರಬಾರದು.

ಮಸ್ಕಿಗೆ ಮಧ್ಯಾಹ್ನ ದಾಟಿಸಿ ಬನ್ನಿ. ಬಂಡೆಗಳು ಕಾದಿರುವಾಗ ಗುಡ್ಡದ ಹತ್ತಿರ ಸುಳಿಯಲಾಗದು. ಬಿಸಿಲು ಇಳಿದ ಮೇಲೆ ಗಾಡಿಯನ್ನು ಕೆಳಗೇ ಬಿಟ್ಟು ಅಶೋಕನ ಶಾಸನದವರೆಗೆ ನಡೆಯಿರಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ್ದ. ಆದರೆ ಶಾಸನಗಳಲ್ಲಿ ಸಿಗುತ್ತಿದ್ದುದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. ಆ ಬಿರುದಿನ ರಾಜನೇ ಅಶೋಕನೆಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳುತ್ತಿದ್ದರು, ಕಲ್ಲಿನ ಸಾಕ್ಷಿ ಇರಲಿಲ್ಲ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಾ ಬಂದ ಗಣಿ ಇಂಜಿನಿಯರ್ ಸಿ. ಬೀಡನ್ ಈ ಬಂಡೆಯ ಬರಹವನ್ನು ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು! ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಶ್ರಮಪಟ್ಟರೆ ಧರ್ಮವನ್ನು ಸಾಧಿಸಬಲ್ಲರು ಎಂಬುದು ಅಲ್ಲಿಯ ಸಂದೇಶ. ಅರಮನೆಯ ಗೋಡೆಯ ಮೇಲಲ್ಲ, ದನ ಕಾಯುವವರು ಓಡಾಡುವ ಗುಡ್ಡದ ಮಗ್ಗುಲಲ್ಲಿ ಆ ಮಾತನ್ನು ಕೆತ್ತಿಸಿದ್ದಾನೆ. ದಿನದಲ್ಲಿ ಹತ್ತು ಜಾಗ ನೋಡುವ ಪಟ್ಟಿ ಹಿಡಿದು ಬಂದವರಿಗೆ ಇಲ್ಲಿ ಸಿಗುವುದು ಒಂದು ಫೋಟೊ. ರಾತ್ರಿ ಮಸ್ಕಿಯಲ್ಲೇ ಉಳಿದು, ಬೆಳಿಗ್ಗೆ ಬೆಟ್ಟದ ಮಲ್ಲಿಕಾರ್ಜುನನ ಮೆಟ್ಟಿಲು ಹತ್ತಿ ಕೆಳಗಿನ ಬಯಲನ್ನು ನೋಡಿದರೆ, ಶಿಲಾಯುಗದವರಿಂದ ಹಿಡಿದು ಇಲ್ಲಿ ಚಾಲುಕ್ಯರ ಜಯಸಿಂಹನ ಮೇಲೆ ಬಿದ್ದ ರಾಜೇಂದ್ರ ಚೋಳನವರೆಗೆ ಎಲ್ಲರಿಗೂ ಈ ಜಾಗ ಯಾಕೆ ಬೇಕಾಗಿತ್ತು ಎಂಬುದು ಕಣ್ಣಿಗೇ ತಿಳಿಯುತ್ತದೆ.

ಲಿಂಗಸುಗೂರು ಹೈದರಾಬಾದ್ ಪಡೆಯ ಛಾವಣಿ ಇದ್ದ ಊರು. ನನಗೆ ಅದು ನೀರು, ಡೀಸೆಲ್, ತರಕಾರಿ ತುಂಬಿಕೊಳ್ಳುವ ಠಾಣೆ. ಹಟ್ಟಿಯ ಚಿನ್ನದ ಗಣಿ ಹತ್ತಿರದಲ್ಲೇ ಇದೆ, ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ. ಮುದಗಲ್ಲಿನ ಕೋಟೆಗೆ ಅರ್ಧ ದಿನ ಕೊಡಿ. ಬಂಡೆಗಳನ್ನು ಕದಲಿಸದೆ ಗೋಡೆಯೊಳಗೆ ಸೇರಿಸಿಕೊಂಡು ಕಟ್ಟಿದ ಬಗೆ ನೋಡುವಂಥದ್ದು. ಮೊಹರಂ ದಿನಗಳಲ್ಲಿ ಮಾತ್ರ ಊರೊಳಗೆ ದೊಡ್ಡ ಗಾಡಿ ಒಯ್ಯಬೇಡಿ, ಹುಸೇನಿ ಆಲಂ ದರ್ಶನಕ್ಕೆ ಬರುವ ಜನಸಾಗರದಲ್ಲಿ ತಿರುಗಿಸಲೂ ಜಾಗವಿರದು.

ಮೂರನೆಯ ರಾತ್ರಿಯನ್ನು ನಾನು ಜಲದುರ್ಗದ ಕಡೆಗೇ ಇಡುತ್ತೇನೆ. ಕೃಷ್ಣೆ ಇಲ್ಲಿ ಕವಲೊಡೆದು ನಡುಗಡ್ಡೆಯನ್ನು ಸುತ್ತುವರಿದು ಹರಿಯುತ್ತಾಳೆ. ಆ ನಡುಗಡ್ಡೆಯ ಮೇಲೆ ಕೋಟೆ. ಗೋಡೆಯಂಚಿನಲ್ಲಿ ನಿಂತರೆ ಕೆಳಗೆ ಆಳದಲ್ಲಿ ಬಂಡೆಗಳ ಸಂದಿಯಲ್ಲಿ ನೀರು, ಆಚೆ ದಡದಲ್ಲಿ ಹಸಿರು. ಕಡಲು ಬೇಕೆಂದು ಹಟ ಹಿಡಿದ ಮಕ್ಕಳನ್ನೂ ಇಲ್ಲಿಗೆ ಧೈರ್ಯವಾಗಿ ಕರೆತರಬಹುದು, ಅಂಚಿನಲ್ಲಿ ಕೈ ಬಿಡದಿದ್ದರಾಯಿತು. ಜುಲೈ, ಆಗಸ್ಟ್‌ನಲ್ಲಿ ಮೇಲಿನ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಯ ಹಳ್ಳಿಗಳ ದಾರಿಯೇ ಕಟ್ಟಾಗುತ್ತದೆ. ಆ ತಿಂಗಳುಗಳಲ್ಲಿ ಲಿಂಗಸುಗೂರಿನಲ್ಲೇ ಹೊರಹರಿವು ಎಷ್ಟಿದೆ ಎಂದು ವಿಚಾರಿಸಿ, ಹೆಚ್ಚಿದ್ದರೆ ಈಚೆ ದಡದಲ್ಲೇ ಗಾಡಿ ಹಚ್ಚಿ. ನನ್ನನ್ನು ಕೇಳಿದರೆ ಡಿಸೆಂಬರ್, ಜನವರಿಯೇ ಸರಿ: ಬಿಸಿಲು ಹದವಾಗಿರುತ್ತದೆ, ಸೇತುವೆ ತೆರೆದಿರುತ್ತದೆ, ಬನದ ಹುಣ್ಣಿಮೆಗೆ ಅಂಬಾಮಠಕ್ಕೂ ಹೋಗಿಬರಬಹುದು.