ಸಮ್ಮುಖಸೂಚಕ ವಿಮರ್ಶೆ

ವಿಮಾನ, ಮೋಟಾರು ಕಾರು, ವಿಡಿಯೋ ಆಟ, ಈ ಮೂರೆಡೆಗಳಲ್ಲಿಯೂ ಈಗ ‘ಹೆಡ್-ಅಪ್ ಡಿಸ್‌ಪ್ಲೇ’ ಎಂಬ ಒಂದೇ ಹೆಸರು ಸಲ್ಲುತ್ತಿರುವುದು. ತಲೆಯನ್ನು ತಗ್ಗಿಸದೆ, ಎದುರಿನ ನೋಟವನ್ನು ಬಿಡದೆ, ವೇಗವೇ ಮೊದಲಾದುವನ್ನು ತಿಳಿಸುವ ಸಾಧನವೆಂಬುದು ಇದರ ತಾತ್ಪರ್ಯವು. ಇದನ್ನು ‘ಶಿರೋಪರಿ ಪ್ರದರ್ಶನ’ವೆಂದರೆ, ಸಂಧಿದೋಷವು ಹಾಗಿರಲಿ, ತಲೆಯ ಮೇಲೆ ಏನೋ ತೋರುವುದೆಂಬ ಅಪಾರ್ಥವುಂಟಾಗುವುದು. ಆದುದರಿಂದ ಇಲ್ಲಿ ‘ಸಮ್ಮುಖಸೂಚಕ’ವೆಂದು ಕರೆದಿದೆ. ಇದು ಕಣ್ಣಿಗೆ ಮಾಡುವ ಉಪಕಾರವನ್ನು ಮನಸ್ಸಿಗೂ ಮಾಡಬಲ್ಲುದೇ ಎಂಬುದು ವಿಚಾರಣೀಯವು.

ನಾಟಕದ ವಸ್ತುವಿನಲ್ಲಿ ರಂಗದ ಮೇಲೆ ತೋರಿಸತಕ್ಕುದು ದೃಶ್ಯವೆಂದೂ, ವಿಷ್ಕಂಭ ಪ್ರವೇಶಕಾದಿಗಳಿಂದ ತಿಳಿಸತಕ್ಕುದು ಸೂಚ್ಯವೆಂದೂ ದಶರೂಪಕಕಾರನಾದ ಧನಂಜಯನು ವಿಭಾಗಿಸಿರುವನು. ಅಲ್ಲಿ ಸೂಚ್ಯವು ದೃಶ್ಯಕ್ಕೆ ಮೊದಲೋ ಎರಡು ಅಂಕಗಳ ನಡುವೆಯೋ ಬರುವುದು. ಸಮ್ಮುಖಸೂಚಕದಲ್ಲಾದರೋ ಸೂಚ್ಯವು ದೃಶ್ಯದ ಮೇಲೆಯೇ ಅದೇ ಕ್ಷಣದಲ್ಲಿ ಬಂದು ನಿಲ್ಲುವುದು. ಇದರ ಗುಣವೂ ಇದೇ, ದೋಷವೂ ಇದೇ.

ಈ ಶಬ್ದದ ಮುಖ್ಯಾರ್ಥವು ವಿಮಾನದಲ್ಲಿರುವುದು. ವೈಮಾನಿಕನ ಮುಂದೆ ಓರೆಯಾಗಿ ನಿಲ್ಲಿಸಿದ ಗಾಜಿನಲ್ಲಿ ರೇಖೆಗಳು ಪ್ರತಿಫಲಿಸುವುವು. ಮಸೂರಗಳು ಆ ಕಿರಣಗಳನ್ನು ಸಮಾಂತರಗೊಳಿಸುವುದರಿಂದ ರೇಖೆಗಳು ಅನಂತ ದೂರದಲ್ಲಿರುವಂತೆ ಕಾಣುವುವು. ಹತ್ತಿರಕ್ಕೂ ದೂರಕ್ಕೂ ಕಣ್ಣನ್ನು ಹೊಂದಿಸಿಕೊಳ್ಳುವ ಶ್ರಮವು ತಪ್ಪುವುದು. ಅಲ್ಲಿಯ ದಿಗಂತರೇಖೆಯು ನಿಜವಾದ ದಿಗಂತದ ಮೇಲೆಯೇ ಕೂಡುವುದು. ವಿಮಾನದ ಮೂಗು ಎತ್ತ ತಿರುಗಿದೆಯೆಂಬುದನ್ನಷ್ಟೇ ಅಲ್ಲದೆ, ವಿಮಾನವು ವಾಸ್ತವವಾಗಿ ಎತ್ತ ಸಾಗುತ್ತಿದೆಯೆಂಬುದನ್ನೂ ಒಂದು ಚಿಹ್ನೆಯು ತೋರಿಸುವುದು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ, ಮುಂದೆ ತೇಜಸ್ ಎಂದು ಹೆಸರಾದ ಯುದ್ಧವಿಮಾನಕ್ಕೆ ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣ ಸಂಸ್ಥೆಯವರು ಇಂತಹ ಸೂಚಕವನ್ನು ರಚಿಸಿರುವರು. ಸೂಚ್ಯವು ದೃಶ್ಯದಲ್ಲಿ ಬೆರೆಯುವುದಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆಯು ನನಗೆ ತೋರದು.

ಆದರೂ ಒಂದು ಆಕ್ಷೇಪವುಂಟು. ಒಂದೇ ಕ್ಷಣದಲ್ಲಿ ಎರಡು ಜ್ಞಾನಗಳು ಹುಟ್ಟಲಾರವೆಂಬುದೇ ಮನಸ್ಸಿನ ಲಕ್ಷಣವೆಂದು ಗೌತಮನ ನ್ಯಾಯದರ್ಶನವು ಹೇಳುವುದು. ಎರಡು ವಸ್ತುಗಳು ಒಂದೇ ನೋಟದಲ್ಲಿ ಬಿದ್ದ ಮಾತ್ರಕ್ಕೆ ಎರಡನ್ನೂ ಕಂಡಂತಾಗದು. 1980ರಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಪ್ರಕಟಿಸಿದ ಪರೀಕ್ಷೆಯು ಇದಕ್ಕೆ ಸಾಕ್ಷಿಯಾಗಿರುವುದು. ಕೃತಕವಾದ ವಿಮಾನಕೋಷ್ಠದಲ್ಲಿ ಕುಳಿತು ಸೂಚಕವನ್ನು ನೋಡುತ್ತ ಇಳಿಯುತ್ತಿದ್ದ ನುರಿತ ವೈಮಾನಿಕರಲ್ಲಿಯೇ ಕೆಲವರು, ಓಡುಹಾದಿಗೆ ಅಡ್ಡವಾಗಿ ಬಂದ ಮತ್ತೊಂದು ವಿಮಾನವನ್ನು ಗಮನಿಸಲಿಲ್ಲ. ಗಾಜು ಅದನ್ನು ಮರೆಮಾಡಿರಲಿಲ್ಲ. ಮನಸ್ಸು ರೇಖೆಗಳಲ್ಲಿ ನೆಟ್ಟಿತ್ತು.

ಕಾರಿನಲ್ಲಿಯೂ ಈ ನ್ಯಾಯವೇ ಸಲ್ಲುವುದು. 2022ರಲ್ಲಿ ಬಂದ ಬಲೆನೊ ಕಾರಿನಲ್ಲಿ ಚಾಲಕನ ಮುಂದೆ ಸಣ್ಣ ಪಾರದರ್ಶಕ ಫಲಕವೊಂದು ಎದ್ದು ನಿಂತು ವೇಗಾದಿಗಳನ್ನು ತೋರಿಸುವುದು. ಇಲ್ಲಿ ಅಂಕಿಗಳು ದೃಶ್ಯದಲ್ಲಿ ಬೆರೆಯುವುದಿಲ್ಲ, ಅದರ ಪಕ್ಕದಲ್ಲಿರುವುವು. ನಮ್ಮ ನಾವುಂದದಿಂದ ಮರವಂತೆಗೆ ಹೋಗುವಾಗ ಒಂದು ಕಡೆ ಕಡಲು, ಮತ್ತೊಂದು ಕಡೆ ಸೌಪರ್ಣಿಕೆ. ಆಷಾಢದ ಮಳೆಯಲ್ಲಿ ಆ ಹಾದಿಗೆ ದನವೊಂದು ಅಡ್ಡ ಬಂದರೆ, ವೇಗದ ಅಂಕಿಯಲ್ಲಿ ನೆಟ್ಟ ಮನಸ್ಸಿಗೆ ಅದು ಕಾಣುವುದೇ?

ವಿಡಿಯೋ ಆಟದಲ್ಲಿ ಈ ಹೆಸರು ಲಾಕ್ಷಣಿಕವು. ಅಲ್ಲಿ ಗಾಜಿನಾಚೆ ಬೇರೆ ಜಗತ್ತಿಲ್ಲ, ಎಲ್ಲವೂ ಚಿತ್ರವೇ. ನಾಯಕನ ಆಯುಷ್ಯವನ್ನು ತೆರೆಯ ಮೂಲೆಯಲ್ಲಿ ಪಟ್ಟಿಯಾಗಿ ತೋರಿಸುವುದು ವಾಡಿಕೆ. 2008ರ ‘ಡೆಡ್ ಸ್ಪೇಸ್’ ಎಂಬ ಆಟದಲ್ಲಾದರೋ ಅದು ನಾಯಕನ ಉಡುಪಿನ ಬೆನ್ನಿನ ಮೇಲೆಯೇ ದೀಪಶ್ರೇಣಿಯಾಗಿ ಬೆಳಗುವುದು. ಸೂಚ್ಯವನ್ನು ಆಹಾರ್ಯದಲ್ಲಿ ಅಡಗಿಸಿದ ಈ ಯುಕ್ತಿಯಿಂದ ರಸವಿಘ್ನವು ತಗ್ಗುವುದು.

ಹಾಗಾದರೆ ಉತ್ತಮವಾದ ಮಾರ್ಗವಾವುದು? ಬಡಗುತಿಟ್ಟಿನ ಬಯಲಾಟವನ್ನು ನೋಡಿದವರಿಗೆ ಅದು ಹೊಸದಲ್ಲ. ಭಾಗವತರು ವೇಷಧಾರಿಯ ಹಿಂದೆಯೇ, ಪ್ರೇಕ್ಷಕರ ಅದೇ ನೋಟದಲ್ಲಿ ಕುಳಿತಿರುವರು. ಪದ್ಯದಿಂದ ಕಥೆಯನ್ನು ಸೂಚಿಸುವರು. ವೇಷವು ಅರ್ಥ ಹೇಳತೊಡಗಿದೊಡನೆ ಪದ್ಯವು ನಿಲ್ಲುವುದು. ಸ್ಥಾನವು ಒಂದೇ ನೋಟದಲ್ಲಿದ್ದರೂ ಕಾಲವು ಸರದಿಯಂತೆ ನಡೆಯುವುದು. ಯುದ್ಧವಿಮಾನದ ಸೂಚಕದಲ್ಲಿಯೂ, ಬೇಡವಾದ ಚಿಹ್ನೆಗಳನ್ನು ವೈಮಾನಿಕನು ಅಳಿಸಿ ನೋಟವನ್ನು ತೆರವು ಮಾಡಿಕೊಳ್ಳುವ ಏರ್ಪಾಡು ಉಂಟು. ಯಂತ್ರಶಿಲ್ಪಿಗಳು ಕಂಡುಕೊಂಡ ಈ ಔಚಿತ್ಯವು ನಮ್ಮ ಆಟದಲ್ಲಿ ಮೊದಲಿನಿಂದ ಇರುವಂಥದು.

ಸೂಚಕದ ಹಿರಿಮೆಯು ಅದು ಎಷ್ಟು ತೋರಿಸಿತೆಂಬುದರಲ್ಲಿಲ್ಲ, ಯಾವಾಗ ಸುಮ್ಮನಾಯಿತೆಂಬುದರಲ್ಲಿರುವುದು. ಪದ್ಯಪದ್ಯಕ್ಕೂ ಟಿಪ್ಪಣಿಯನ್ನು ಹೊರಿಸಿ ಕಾವ್ಯವನ್ನು ಕಲಿಸುವ ನಮ್ಮಂತಹ ಅಧ್ಯಾಪಕರಿಗೂ ಈ ಮಾತು ಸಲ್ಲುವುದೇ ಎಂಬುದನ್ನು ಸಹೃದಯರು ವಿಚಾರಿಸಬೇಕೆಂದು ಬಿನ್ನಹ.