ಗೋಡೆಗೆ ಬಂದ ತಾಂಡಾ

ಸಪ್ತಾಪುರದ ಕಲಾವಿದರೊಬ್ಬರ ಮನೆಯ ಚಿತ್ರಶಾಲೆ ನೋಡಿ ಬಂದೆವು. ಗೋಡೆ ತುಂಬ ಲಂಬಾಣಿ ಕಸೂತಿ. ಕನ್ನಡಿ ಚೂರು, ಕವಡೆ, ನಾಣ್ಯ. ಯಾವಳೋ ತಾಯಿ ಉಟ್ಟು ಸವೆಸಿದ ಫೇಟ್ಯಾ ಈಗ ಕಿಟಕಿಯ ಪರದೆ. ಕಾಂಚಳಿ ಗಾಜಿನ ಚೌಕಟ್ಟಿನೊಳಗ ಬಂದಿ. 'ಹೊಲಿದವರು ಯಾರ್ರೀ?' ಅಂತ ಕೇಳಿದೆವು. 'ಜನಪದ ಕಲಾ ಅದ, ಅದಕ್ಕ ಹೆಸರು ಇರೂದಿಲ್ಲ' ಅಂದರು. ಅವರ ಚಿತ್ರಗಳ ಮೂಲೆಯಲ್ಲಿ ಮಾತ್ರ ಅವರ ಸಹಿ ಇತ್ತು.

ನಮ್ಮ ತಕರಾರು ಇಲ್ಲಿಂದಲೇ ಶುರು. ಬೇರೆಯವರಿಂದ ಕಲಿಯುವುದು ತಪ್ಪಲ್ಲ. ಲಂಬಾಣಿ ಬಟ್ಟೆಯೇ ತುಂಡಿಗೆ ತುಂಡು ಕೂಡಿಸಿ ಹೊಲಿದದ್ದು. ಆದರೆ ಹೆಸರು ಅಳಿಸಿ ಬಣ್ಣವನ್ನಷ್ಟೇ ಎತ್ತಿಕೊಂಡರೆ ಅದು ಜೀತ.

ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2023ರಲ್ಲಿ ಹಂಪಿಯ ಜಿ-20 ಸಭೆಯಲ್ಲಿ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಸೂಜಿ ಹಿಡಿದವರು ಸುದ್ದಿಯಲ್ಲಿ '450ಕ್ಕೂ ಹೆಚ್ಚು ಮಹಿಳೆಯರು' ಎಂಬ ಲೆಕ್ಕವಾಗಿ ಉಳಿದರು. ಎಷ್ಟೋ ತಾಂಡಾಗಳ ಮಂದಿ ಇಂದಿಗೂ ಕಬ್ಬು ಕಡಿಯಲು ಗುಳೆ ಹೋಗುತ್ತಾರೆ.

ಆ ತಾಂಡಾಗಳ ಹುಡುಗರು ಪರೀಕ್ಷೆಗೆ ಓದಲು ಇದೇ ಸಪ್ತಾಪುರಕ್ಕೆ ಬರುತ್ತಾರೆ. ಬಾಡಿಗೆ ಖೋಲಿ ಕೇಳಿದರೆ 'ಯಾವ ಮಂದಿ ನೀವು?' ಎಂಬ ಮಾತು ಮೊದಲು. ಆ ಮಾತು ಕೇಳಿ ಮೆಟ್ಟಿಲಿಳಿದವರು ನಾವೂ. ಅವ್ವನ ಫೇಟ್ಯಾಕ್ಕೆ ಗೋಡೆ ಕೊಟ್ಟ ಓಣಿ ಮಗನಿಗೆ ಖೋಲಿ ಕೊಡಲಿಲ್ಲ.

ಕಲಾವಿದರೇ, ಬಟ್ಟೆ ಇಳಿಸಿರೆಂದು ನಾವು ಹೇಳುವುದಿಲ್ಲ. ಅದರ ಕೆಳಗೆ ಹೊಲಿದವಳ ಹೆಸರು, ತಾಂಡಾದ ಹೆಸರು ಬರೆಯಿರಿ. ನೀವು ಕೊಟ್ಟ ಬೆಲೆಯನ್ನೂ ಬರೆಯಿರಿ. ಬರೆಯಲು ನಾಚಿಕೆಯಾದರೆ, ಆಗ ಇಳಿಸಿರಿ.